ಬರೀ ನೇರ ಹೋಗಬೇಕಿದ್ದ ಕಾರು

ಮೊನ್ನೆ ಶಾರ್ಜಾದ ಅಲ್ ನಹ್ದಾದಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗಿನ ಸೂಪರ್‌ಮಾರ್ಕೆಟ್ಟಿನಲ್ಲಿ, ನಾನು ಒಂದು ಟ್ರಾಲಿಗೆ ಬೈದೆ. ಮನಸ್ಸಿನಲ್ಲಿ ಬೈದದ್ದಲ್ಲ, ಬಾಯಿಬಿಟ್ಟು, ತುಳುವಿನಲ್ಲಿ, ಅದರ ಅಪ್ಪ ಅಜ್ಜನನ್ನೆಲ್ಲ ಸೇರಿಸಿಕೊಂಡು ಬೈದೆ. ಅದರ ಮೂರು ಚಕ್ರಗಳು ಹಾಲಿನ ಕಡೆ ನೋಡುತ್ತಿದ್ದರೆ ಮುಂದಿನ ಎಡಗಡೆಯದ್ದು ಮಾತ್ರ ಉಪ್ಪಿನಕಾಯಿಯ ಕಡೆ ನೋಡುತ್ತಿತ್ತು. ಬೇರೆ ಟ್ರಾಲಿ ತೆಗೆದುಕೊಳ್ಳಬಹುದಿತ್ತು. ಸಾಲಾಗಿ ನಲವತ್ತು ನಿಂತಿದ್ದವು. ಆದರೆ ನಾನು ಅದನ್ನು ಅಲ್ಲೇ ಮಗುಚಿ ಹಾಕಿ, ಮೊಣಕಾಲೂರಿ ಕುಳಿತು, ಚಕ್ರ ಹಿಡಿದು ಅಲ್ಲಾಡಿಸತೊಡಗಿದೆ. ಪಕ್ಕದಲ್ಲಿದ್ದ ಒಂದು ಪುಟ್ಟ ಹುಡುಗಿ ಅಮ್ಮನ ಚೂಡಿದಾರ ಎಳೆದು, "ಮಮ್ಮಾ, ದಟ್ ಅಂಕಲ್ ಈಸ್ ಫೈಟಿಂಗ್ ವಿತ್ ದ ಟ್ರಾಲಿ" ಎಂದಳು. ಇಪ್ಪತ್ತೇಳನೇ ವಯಸ್ಸಿಗೆ ಅಂಕಲ್! ಟ್ರಾಲಿಯ ಮೇಲಿದ್ದ ಸಿಟ್ಟಿಗೆ ಇದೂ ಸೇರಿ ನನ್ನ ಕಿವಿ ಬಿಸಿಯಾಯಿತು.

ನೇರ ಹೋಗಬೇಕಾದದ್ದು ನೇರ ಹೋಗದಿದ್ದರೆ ನನಗೆ ಹೀಗೆ ಆಗುತ್ತದೆ. ಹುಟ್ಟಿನಿಂದ ಬಂದದ್ದಲ್ಲ. ಒಂದು ಕಾರಿನಿಂದ ಬಂದದ್ದು.

ಡ್ರ್ಯಾಗ್ ರೇಸ್ ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ, ಹೇಳಲಿಕ್ಕೆ ಹೆಚ್ಚೇನೂ ಇಲ್ಲ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ಹಸಿರು ದೀಪ ಬೀಳುತ್ತದೆ. ನಾನೂರು ಮೀಟರ್ ಓಡುತ್ತವೆ. ಮುಗಿಯಿತು, ಖಲಾಸ್. ತಿರುವಿಲ್ಲ, ಏರಿಲ್ಲ, ಇಳಿತವಿಲ್ಲ, ಸಿಗ್ನಲಿಲ್ಲ. ಊರಿನಿಂದ ಅಮ್ಮ ಫೋನು ಮಾಡಿದಾಗ ಇದನ್ನು ಬಿಡಿಸಿ ಹೇಳಿದೆ. ಅಮ್ಮ, "ತಿರುವೇ ಇಲ್ಲದ ರಸ್ತೆಯಲ್ಲಿ ಕಾರು ಬಿಡ್ಲಿಕ್ಕೆ ಅಷ್ಟು ಜನ ಯಾಕೆ ಮಾರಾಯ?" ಎಂದು ಕೇಳಿದಳು. ಆವಾಗ ನಕ್ಕಿದ್ದೆ. ಆಮೇಲೆ ಎರಡು ತಿಂಗಳು ಅದೇ ಪ್ರಶ್ನೆಯನ್ನು ನಾನೇ ಹಲ್ಲು ಕಡಿಯುತ್ತ ಕೇಳಿಕೊಂಡೆ.

ಕಾರು ಹರೀಶ್ ಭಾವನದ್ದು. ಭಾವ ಅಂದರೆ ನನ್ನ ದೊಡ್ಡಮ್ಮನ ಮಗಳು ಶೈಲಕ್ಕನ ಗಂಡ. ಡಿಸ್ಕವರಿ ಗಾರ್ಡನ್ಸಿನಲ್ಲಿ ಮನೆ, ಎಸಿ ಡಕ್ಟ್ ಕೂರಿಸುವ ಕಂಪನಿಯಲ್ಲಿ ಕೆಲಸ, ದಿನಕ್ಕೆ ಒಟ್ಟು ಹನ್ನೊಂದು ಮಾತು. ಆ ಹನ್ನೊಂದರಲ್ಲೂ ನಾಲ್ಕು 'ನೋಡುವ' ಎಂಬುದೇ. ಇಂಥ ಮನುಷ್ಯ ಯಾರದೋ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಜಪಾನೀ ಎರಡು ಬಾಗಿಲಿನ ಕಾರನ್ನು ಕಂಡು ಪ್ರೀತಿಯಲ್ಲಿ ಬಿದ್ದ. ಕೊಂಡು ತಂದು, ಹಿಂದಿನ ಸೀಟು ಕಿತ್ತು, ಕಾರು ಮಗುಚಿದರೆ ಕಾಯುವ ಕಬ್ಬಿಣದ ಪಂಜರ ಕೂರಿಸಿ, ಇಂಜಿನ್ ಬದಲಾಯಿಸಿ, ಎಲ್ಲ ಆದ ಮೇಲೆ ಒಂದು ದಿನ ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತ. ಕೂತದ್ದು ಸರಿ. ಹೊರಗೆ ಬರಲಿಕ್ಕಾಗಲಿಲ್ಲ. ಪಂಜರದ ಅಡ್ಡ ಸಲಾಕೆಗೂ ಭಾವನ ಹೊಟ್ಟೆಗೂ ನಡುವೆ ಒಂದು ತಿಳಿವಳಿಕೆ ಏರ್ಪಟ್ಟಿತ್ತು. ನಾನು ಕಾಲು ಹಿಡಿದೆ, ಶೈಲಕ್ಕ ತೋಳು ಹಿಡಿದಳು, ಅರ್ಧ ಗಂಟೆಯ ಮೇಲೆ ಭಾವ ಹೊರಬಂದು ಬೆವರೊರೆಸಿಕೊಂಡು ಹೇಳಿದ್ದು ಒಂದೇ ಮಾತು: "ಶೈಲಾ, ನೀನೇ ಬಿಡು."

ಹಾಗೆ ಶೈಲಕ್ಕ ಡ್ರೈವರ್ ಆದಳು. ನೀವು ತಮಾಷೆಗೆ ಅಂದುಕೊಳ್ಳಬೇಡಿ. ಅವಳು ಒಂದು ವಿಮಾ ಕಂಪನಿಯಲ್ಲಿ ಕ್ಲೇಮು ನೋಡುವವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರ ಅಪಘಾತ ಓದುವುದೇ ಕೆಲಸ. ಯಾವ ಗಾಡಿ, ಯಾವ ಲೇನು, ಬ್ರೇಕು ಮೊದಲೋ ತಿರುಗಿಸಿದ್ದು ಮೊದಲೋ ಎಂದು ವಾಕ್ಯ ವಾಕ್ಯ ಹಿಂಡಿ ನೋಡುತ್ತಾಳೆ. ಅವಳಿಗೆ ಗಾಬರಿಯೂ ಇಲ್ಲ, ಉತ್ಪ್ರೇಕ್ಷೆಯೂ ಗೊತ್ತಿಲ್ಲ. ಅದೆರಡನ್ನೂ ನಮ್ಮ ಕುಟುಂಬದಲ್ಲಿ ನಾನೊಬ್ಬನೇ ಗುತ್ತಿಗೆ ಹಿಡಿದವನು. ಹಸಿರು ದೀಪ ಬಿದ್ದು ಅವಳ ಕಾರು ಹಾರುವಷ್ಟರಲ್ಲಿ ಪಕ್ಕದ ಲೇನಿನ ಹುಡುಗರು ಇನ್ನೂ ಕಣ್ಣು ಮಿಟುಕಿಸುತ್ತಿರುತ್ತಿದ್ದರು.

ನಾನು ಯಾರು? ಒಂದು ಫ್ರೀಝೋನ್ ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ತಯಾರಿಸುವವನು. ಸ್ಪಾನರಿಗೂ ನನಗೂ ಸಂಬಂಧವಿಲ್ಲ. ಆದರೆ ಯೂಟ್ಯೂಬಿನಲ್ಲಿ ಮೂರು ವಾರ ವೀಡಿಯೋ ನೋಡಿದೆ. ಮೂರನೇ ವಾರದ ಕೊನೆಗೆ ಎದೆಯ ಮೇಲೆ 'ಚಾಸಿ ಇಂಜಿನಿಯರ್' ಎಂದು ಬರೆಸಿದ ಟೀಶರ್ಟು ಹಾಕಿಕೊಂಡೆ. ಅಂಗಡಿಯವನು ಒಂದಕ್ಕೆ ಮಾಡಿಕೊಡುವುದಿಲ್ಲ, ಐದಾದರೂ ಬೇಕು ಎಂದದ್ದರಿಂದ ನನ್ನ ಹತ್ತಿರ ಅಂಥವು ಐದಿವೆ. ಈಗ ಮನೆ ಒರೆಸಲು ಬಳಸುತ್ತೇನೆ. ಒರೆಸುವಾಗ ಪ್ರತಿ ಸಲ ಆ ಅಕ್ಷರಗಳನ್ನು ಸ್ವಲ್ಪ ಜೋರಾಗಿಯೇ ತಿಕ್ಕುತ್ತೇನೆ.

ನಮ್ಮ ಮನೆಯಲ್ಲಿ ರಿಪೇರಿ ಎಂದರೆ ಮೊದಲು ಸಿಟ್ಟು ಎಂಬುದನ್ನು ಇಲ್ಲಿ ಹೇಳಬೇಕು. ಅಜ್ಜ ರೇಡಿಯೋಕ್ಕೆ ಎರಡು ಬಾರಿಸುತ್ತಿದ್ದರು. ಚಿಕ್ಕಪ್ಪ ಸ್ಕೂಟರನ್ನು ಒದ್ದು, ಆಮೇಲೆ ಅದರ ಜೊತೆ ಎರಡು ದಿನ ಮಾತು ಬಿಡುತ್ತಿದ್ದರು. ಅಪ್ಪ ಪಂಪ್‌ಸೆಟ್ಟಿಗೆ ಬೈಯುವುದನ್ನು ಕೇಳಿ ನಾನು ಎಷ್ಟೋ ಹೊಸ ಶಬ್ದ ಕಲಿತೆ. ನಾಲ್ಕನೇ ಕ್ಲಾಸಿನಲ್ಲಿ ನಾನು ಶೈಲಕ್ಕನ ಜ್ಯಾಮಿಟ್ರಿ ಪೆಟ್ಟಿಗೆಯ ಮೇಲೆ ಕೂತು ಅದನ್ನು ಚಪ್ಪಟೆ ಮಾಡಿದಾಗ, "ಇದನ್ನು ಇಲ್ಲಿ ಇಟ್ಟದ್ದು ಯಾರು?" ಎಂದು ಎಷ್ಟು ಜೋರಾಗಿ ಕಿರುಚಿದೆನೆಂದರೆ ದೊಡ್ಡಮ್ಮ ಬಂದು ಶೈಲಕ್ಕನಿಗೇ ಎರಡು ಕೊಟ್ಟರು. ಮೊದಲು ಸಿಟ್ಟಾದವನು ಗೆದ್ದ. ಈ ಪಾಠವನ್ನು ನಾನು ಶಾಲೆಯ ಯಾವ ಪಾಠಕ್ಕಿಂತಲೂ ಚೆನ್ನಾಗಿ ಕಲಿತೆ. ಸಿಟ್ಟಿನಿಂದ ಆಗದಿದ್ದರೆ ತೆಂಗಿನೆಣ್ಣೆ. ತಲೆನೋವಿಗೆ, ಕದದ ತಿರುಗಣೆಗೆ, ಹೊಲಿಗೆ ಮಿಷನ್ನಿಗೆ, ಉಗುರುಸುತ್ತಿಗೆ, ಬಿಗಿಯಾದ ಬಳೆಗೆ, ಎಲ್ಲಕ್ಕೂ ಅದೇ ಬಾಟಲಿ.

ಇನ್ನು ಕಾರಿಗೆ ಬರುತ್ತೇನೆ. ಚಳಿಗಾಲದ ಒಂದು ಶನಿವಾರ, ಅಬುಧಾಬಿ ಕಡೆಯ ಟ್ರ್ಯಾಕಿನಲ್ಲಿ ಅಭ್ಯಾಸ. ಶೈಲಕ್ಕನ ಕಾರು ಹೊರಟಿತು, ಅರ್ಧ ದಾರಿ ದಾಟಿತು, ಅಲ್ಲಿ ಇದ್ದಕ್ಕಿದ್ದಂತೆ ಮೂತಿ ಎಡಕ್ಕೆ ಹೋಯಿತು. ಆಮೇಲೆ ಬಲಕ್ಕೆ ಎಗರಿತು. ಅವಳು ಕಾಲೆತ್ತಿದಳು, ಕಾರು ತಣ್ಣಗಾಯಿತು. ವಾಪಸು ಬಂದು ಹೆಲ್ಮೆಟ್ ತೆಗೆದು ಹೇಳಿದಳು:

"ಪಚ್ಚು, ಸ್ಟೀರಿಂಗ್ ನನ್ನ ಕೈಯಲ್ಲಿ ಅಲ್ಲಾಡಲೇ ಇಲ್ಲ. ಆದ್ರೆ ಮೂತಿ ಹೋಯ್ತು. ನಾನು ತಿರುಗಿಸಿದೆ, ಎಂತದೂ ಆಗ್ಲಿಲ್ಲ. ಮತ್ತೆ ಒಮ್ಮೆಲೇ ಜಾಸ್ತಿ ಆಯ್ತು."

ಈ ನಾಲ್ಕು ವಾಕ್ಯಗಳನ್ನು ದಯವಿಟ್ಟು ನೀವಾದರೂ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ. ಅವಳು ಮಾತು ಮುಗಿಸುವ ಮೊದಲೇ ನಾನು ಜ್ಯಾಕು ತರಲು ಓಡಿದ್ದೆ.

ಮುಂದಿನ ನಾಲ್ಕು ವಾರ ನಾನು ಮಾಡಿದ ಕೆಲಸ ನೋಡಿ. ಟೈರಿನ ಗಾಳಿ ನೋಡಿದೆ, ಸರಿ ಇತ್ತು, ಆದರೂ ಬದಲಾಯಿಸಿದೆ. ಕಾರಿನ ಎರಡೂ ಪಕ್ಕ ದಾರ ಕಟ್ಟಿ, ಮುಂದಿನ ಚಕ್ರಗಳ ಮೂತಿ ಒಳಗಿದೆಯೋ ಹೊರಗಿದೆಯೋ ಎಂದು ಸ್ಕೇಲಿನಲ್ಲಿ ಅಳೆದೆ. ಅಳೆಯುತ್ತಿರುವಾಗ ಅದೇ ದಾರಕ್ಕೆ ಎಡವಿ ಬಿದ್ದು ಹೆಡ್‌ಲೈಟು ಒಡೆದೆ. ಲೇಸರ್ ಇರುವ ಅಲೈನ್‌ಮೆಂಟ್ ಅಂಗಡಿಗೆ ಒಯ್ದೆ. ಅವನು ಕಾಗದ ಹೊರತೆಗೆದು ಎಲ್ಲ ಹಸಿರು ಎಂದು ತೋರಿಸಿದ. ಜ್ಯಾಕು ಹಾಕಿ ಮುಂಭಾಗ ಎತ್ತಿ, ಚಕ್ರ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲ್ಲಾಡಿಸಿದೆ. ಬೇರಿಂಗ್ ಗಟ್ಟಿ, ಬಾಲ್ ಜಾಯಿಂಟ್ ಗಟ್ಟಿ, ಚಕ್ರಕ್ಕೆ ಹೋಗುವ ಸರಳುಗಳು ಗಟ್ಟಿ. ಶಾಕ್ ಅಬ್ಸಾರ್ಬರ್ ಬಿಚ್ಚಿ ನೋಡಿದೆ. ತಿರುಗಿ ಕೂರಿಸಿದ ಮೇಲೆ ಒಂದು ನಟ್ಟು ಉಳಿಯಿತು. ಅದು ಎಲ್ಲಿಯದೆಂದು ಕಂಡುಹಿಡಿಯಲು ಇನ್ನೊಂದು ವಾರ ಹೋಯಿತು. ಕೊನೆಗೆ ನೋಡಿದರೆ ಅದು ನನ್ನ ಮಡಚುವ ಕುರ್ಚಿಯದ್ದು.

ಪ್ರತಿ ಶನಿವಾರ ಕಾರು ಮಾತ್ರ ಅದೇ ಜಾಗದಲ್ಲಿ ಅದೇ ಆಟ ಆಡುತ್ತಿತ್ತು. ಟ್ರ್ಯಾಕಿನ ಪರೀಕ್ಷಕ, ಬಿಳಿ ಗಡ್ಡದ ಶಾಂತ ಮನುಷ್ಯ, ಭಾವನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಹೀಗಾದರೆ ಒಳಗೆ ಬಿಡುವುದಿಲ್ಲ ಎಂದ. ನನಗೆ ಉರಿದುಹೋಯಿತು. ನಾಲ್ಕು ವಾರ ಬೆನ್ನು ಸವೆಸಿ, ಎಲ್ಲ ಸರಿ ಇದೆ ಎಂದು ನಾನು, ಚಾಸಿ ಇಂಜಿನಿಯರ್, ಹೇಳುತ್ತಿದ್ದೇನೆ. ಕಾರು ಸರಿ ಇದ್ದ ಮೇಲೆ ತಪ್ಪಿರುವುದು ಎಲ್ಲಿ? ಕಾರಿನಲ್ಲಿ ಕಾರಲ್ಲದ್ದು ಒಂದೇ ಇತ್ತು.

"ಶೈಲಕ್ಕ, ಕಾರಲ್ಲಿ ಎಂತದೂ ಇಲ್ಲ. ನಿನ್ನ ಕೈ ನಡುಗ್ತದೆ" ಎಂದೆ.

"ನನ್ನ ಕೈಯಾ?"

"ಮತ್ತೆ ನನ್ನದಾ? ಸ್ಪೀಡಿಗೆ ಹೆದರಿ ತಿರುಗಿಸ್ತೀ ನೀನು. ನಿನಗೇ ಗೊತ್ತಾಗುದಿಲ್ಲ."

"ಮೂತಿ ಮೊದ್ಲು ಹೋಗ್ತದೆ, ನಾನು ಮತ್ತೆ ತಿರುಗಿಸುದು. ಆವತ್ತೇ ಹೇಳಿದ್ದೇನಲ್ಲ?"

"ಎಲ್ಲ ಡ್ರೈವರ್‌ಗಳೂ ಹಾಗೇ ಹೇಳುದು."

"ಹೌದು, ಎಲ್ಲರೂ ಹಾಗೇ ಹೇಳುದು. ದಿನಾ ಹತ್ತು ಓದ್ತೇನೆ. ಯಾರದ್ದು ಸುಳ್ಳು ಅಂತ ಗೊತ್ತಾಗ್ತದೆ ನನಗೆ" ಎಂದು ಅವಳು ಕೈಗವಸು ಕಿತ್ತು ಬಾನೆಟ್ಟಿನ ಮೇಲೆ ಎಸೆದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಮೂರ್ಖನಾಗಿರುತ್ತಿದ್ದೆ. ಆದರೆ ನಾನು ಕಷ್ಟಪಟ್ಟು ಅದಕ್ಕಿಂತ ಮೇಲಕ್ಕೆ ಏರಿದೆ. ಸ್ಟಾರ್ಟ್ ಲೈನಿನ ಹಿಂದೆ ನಿಂತು ತೆಗೆದ ವೀಡಿಯೋವನ್ನು ನಿಧಾನಗೊಳಿಸಿ, ಕಾರು ವಾಲುವ ಜಾಗದಲ್ಲಿ ಒಂದು ಕೆಂಪು ಬಾಣ ಹಾಕಿ, 'ಡ್ರೈವರ್ ಕೈಯ ಪ್ರಾಬ್ಲಮ್' ಎಂದು ಬರೆದು, ಪಕ್ಕದಲ್ಲಿ ಎರಡು ನಗುವ ಮುಖ ಅಂಟಿಸಿ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೂವತ್ತೊಂಬತ್ತು ಜನ. ಮೂಡಬಿದ್ರಿಯಿಂದ ಮಸ್ಕತ್ತಿನವರೆಗೆ.

ಅರ್ಧ ಗಂಟೆಯೊಳಗೆ ದೊಡ್ಡಮ್ಮನ ಫೋನು ಬಂತು. ನನಗಲ್ಲ, ಶೈಲಕ್ಕನಿಗೆ. ಕೈ ನಡುಗುವವಳು ಇಂಥ ಗಾಡಿ ಯಾಕೆ ಬಿಡಬೇಕು, ಇದನ್ನೆಲ್ಲ ಇವತ್ತೇ ನಿಲ್ಲಿಸು, ಡಾಕ್ಟರಿಗೆ ತೋರಿಸು, ಕ್ಯಾಲ್ಸಿಯಂ ಕಡಿಮೆ ಇರಬಹುದು. ಮರುದಿನ ಭಾವನ ಅಮ್ಮನ ಫೋನು. ಅದರ ಮರುದಿನ ನಾವು ಯಾರೂ ಕಂಡಿಲ್ಲದ ಒಬ್ಬ ಸೋದರಮಾವ ಮಸ್ಕತ್ತಿನಿಂದ ಹೆಂಗಸರ ಕೈಗಳ ವಿಷಯದಲ್ಲಿ ಎಂಟು ನಿಮಿಷದ ಧ್ವನಿಸಂದೇಶ ಕಳಿಸಿದರು. ಭಾವ ಎಲ್ಲ ಕೇಳಿಸಿಕೊಂಡು, "ನೋಡುವ" ಎಂದ. ಶೈಲಕ್ಕ ಹೆಲ್ಮೆಟ್ಟನ್ನು ಮಂಚದ ಕೆಳಗೆ ತಳ್ಳಿ, "ನೋಡ್ಲಿಕ್ಕೆ ಎಂತ ಉಂಟು? ಅವನೇ ಬಿಡ್ಲಿ" ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಅವನೇ ಅಂದರೆ ನಾನು. ಬಿಟ್ಟೆ. ಮುಂದಿನ ಶನಿವಾರ ನಾನೇ ಕೂತೆ. ಹಸಿರು ದೀಪ ಬಿದ್ದದ್ದು ನನಗೆ ಕಾಣಲಿಲ್ಲ, ಏಕೆಂದರೆ ಕಣ್ಣು ಮುಚ್ಚಿದ್ದೆ. ಹೊರಟ ಮೇಲೆ ಬೆನ್ನು ಸೀಟಿಗೂ ಹೊಟ್ಟೆ ಬೆನ್ನಿಗೂ ಅಂಟಿತು. ಎರಡನೇ ಗೇರಿಗೆ ಬರುವಷ್ಟರಲ್ಲಿ ನನಗೆ ಗೊತ್ತಿದ್ದ ದೇವರುಗಳೆಲ್ಲ ಮುಗಿದಿದ್ದರು. ಅಲ್ಲೇ ಕಾಲೆತ್ತಿ, ಉಳಿದ ದಾರಿಯನ್ನು ಸಾಮಾನು ತಲುಪಿಸುವ ವ್ಯಾನಿನ ಹಾಗೆ ಉರುಳಿಸಿಕೊಂಡು ಹೋದೆ. ಪಕ್ಕದ ಲೇನಿನವನು ಗುರಿ ಮುಟ್ಟಿ, ವಾಪಸು ಬರುವ ದಾರಿ ಹಿಡಿದು, ನನಗೆ ಎದುರಾಗಿ ಕೈ ಬೀಸಿದ. ಆದರೆ ಕಾರು ನೇರ ಹೋಗಿತ್ತು! ಇಳಿದವನೇ ಭಾವನ ಎದುರು ಎದೆಯುಬ್ಬಿಸಿ, "ನೋಡಿದ್ರಾ ಭಾವ? ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ. ಕೈ, ಎಲ್ಲ ಕೈಯಲ್ಲಿ ಉಂಟು" ಎಂದೆ.

ಭಾವ ನನ್ನನ್ನೂ ಕಾರನ್ನೂ ನೋಡಿದ. ಆಮೇಲೆ ಆ ವಾರದ ಎಲ್ಲ ಮಾತನ್ನೂ ಒಟ್ಟಿಗೆ ಖರ್ಚು ಮಾಡಿದ. "ಪಚ್ಚು, ಮುಂದಿನ ವಾರ ಇದನ್ನು ಹಮೀದ್ ಕಾಕನಿಗೆ ತೋರಿಸುವ. ಅವರೂ ಕೈ ಅಂತ ಹೇಳಿದ್ರೆ ಕಾರು ಕೊಟ್ಟುಬಿಡುವ. ಶೈಲಾ ಬಿಡದ ಕಾರು ನನಗೆ ಬೇಡ."

ನನಗೆ ಅವಮಾನವಾಯಿತು. ಐದು ಟೀಶರ್ಟಿನ ಇಂಜಿನಿಯರ್ ಇರುವಾಗ ಇನ್ನೊಬ್ಬರ ಹತ್ತಿರ ಯಾಕೆ? ಹಮೀದ್ ಕಾಕ ಉಪ್ಪಿನಂಗಡಿ ಕಡೆಯವರು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು. ಮೀಸೆಯಿಲ್ಲದ ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲು, ಮತ್ತು ಭೂಮಿಯ ಮೇಲಿನ ಎಲ್ಲರ ಮೇಲೂ ಒಂದು ಸಣ್ಣ ಸಿಟ್ಟು.

ನಾನು ಲಾರಿಯಿಂದ ಕಾರಿಳಿಸಿದವನೇ ಜ್ಯಾಕು ಹಾಕಿ ಮುಂಭಾಗ ಎತ್ತಿದೆ. ನನ್ನ ನಾಲ್ಕು ವಾರದ ಪರೀಕ್ಷೆಗಳ ವರದಿ ಒಪ್ಪಿಸತೊಡಗಿದೆ. ಕಾಕ ಅರ್ಧಕ್ಕೇ ಕೈಯೆತ್ತಿದರು.

"ಇಳಿಸು."

"ಅಲ್ಲ ಕಾಕ, ಚಕ್ರ ಮೇಲೆ ಇದ್ರೆ ತಾನೇ..."

"ಇಳಿಸು ಅಂದೆ. ಕಾರು ಟ್ರ್ಯಾಕಲ್ಲಿ ನೆಲದ ಮೇಲೆ ಓಡುದಾ, ಗಾಳಿಯಲ್ಲಾ? ನೇತುಹಾಕಿದ ಚಕ್ರಕ್ಕೆ ಭಾರ ಉಂಟಾ? ಭಾರ ಇಲ್ಲದ್ದು ಹೇಗೆ ಬೇಕಾದ್ರೂ ಗಟ್ಟಿ ಇರ್ತದೆ. ನಿನ್ನ ಹಾಗೆ."

ಇಳಿಸಿದೆ.

"ಓಡಿಸಿದವರು ಯಾರು?"

"ನಾನೇ ಕಾಕ."

ಕಾಕ ಭಾವನ ಕಡೆ ನೋಡಿದರು. ಭಾವ ಬಾಗಿಲ ಕಡೆ ನೋಡಿದ. ಅಲ್ಲಿ, ಕಾರು ಮಾರುವ ಮೊದಲು ಒಮ್ಮೆ ನೋಡಿ ಹೋಗುತ್ತೇನೆಂದು ಬಂದಿದ್ದ ಶೈಲಕ್ಕ ಕೈಕಟ್ಟಿ ನಿಂತಿದ್ದಳು. ನನ್ನ ಜೊತೆ ಮಾತು ಬಿಟ್ಟು ಹನ್ನೆರಡು ದಿನ ಆಗಿತ್ತು.

"ನೀನು ಹೇಳು ಮಗಳೇ. ಯಾವ ಗೇರಲ್ಲಿ?"

"ಮೂರನೇದ್ರಲ್ಲಿ ಕಾಕ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಕಾಲೆತ್ತಿದ್ರೆ ನಿಲ್ತದೆ."

"ಸ್ಟೀರಿಂಗ್ ಕೈಯಲ್ಲಿ ಎಳೀತದಾ?"

"ಇಲ್ಲ. ಅದೇ ನನಗೆ ಹೆದರಿಕೆ ಆದದ್ದು. ಕೈಯಲ್ಲಿ ಎಂತದೂ ಗೊತ್ತಾಗುದಿಲ್ಲ, ಮೂತಿ ಹೋಗ್ತದೆ. ನಾನು ತಿರುಗಿಸಿದ್ರೆ ಒಂದು ಚೂರು ಖಾಲಿ. ಮತ್ತೆ ಒಮ್ಮೆಲೇ ಜಾಸ್ತಿ."

ಕಾಕ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಏನೂ ಬರೆಯದೆ, ತಿರುಗಿ ಅಲ್ಲೇ ಇಟ್ಟರು. "ಇದನ್ನು ಮೊದ್ಲು ಯಾರಿಗಾದ್ರೂ ಹೇಳಿದ್ಯಾ ನೀನು?"

"ಮೊದ್ಲ ದಿನವೇ ಹೇಳಿದ್ದೇನೆ. ಇವನಿಗೆ."

ನಾನು ಶೂಸಿನ ಲೇಸು ನೋಡಿಕೊಂಡೆ. ಅದು ಸರಿಯಾಗಿಯೇ ಇತ್ತು.

ಕಾಕ ಶೈಲಕ್ಕನನ್ನು ಸೀಟಿನಲ್ಲಿ ಕೂರಿಸಿ, ಸ್ಟೀರಿಂಗನ್ನು ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು, ನಿಲ್ಲಿಸದೆ ಆಡಿಸು ಎಂದರು. ಕಾರಿನ ಭಾರವೆಲ್ಲ ಟೈರಿನ ಮೇಲೆ, ಟೈರು ಸಿಮೆಂಟಿನ ಮೇಲೆ. ತಾವು ಹಲಗೆಯ ಮೇಲೆ ಮಲಗಿ ಕೆಳಗೆ ಜಾರಿದರು. ಒಂದೊಂದೇ ಜಾಯಿಂಟಿನ ಮೇಲೆ ಅಂಗೈಯಿಟ್ಟು ಸುಮ್ಮನೆ ಕಾಯುತ್ತಿದ್ದರು. ಎರಡು ನಿಮಿಷವಾಗಿರಬಹುದು.

"ಓ ಇಂಜಿನಿಯರ್, ಬಾ. ಇಲ್ಲಿ ಕೈ ಇಡು. ಕಣ್ಣು ಬೇಡ, ಮುಚ್ಚು. ನಿನಗೆ ಅದು ಅಭ್ಯಾಸ ಉಂಟಂತೆ."

ಭಾವ ಎಲ್ಲ ಹೇಳಿಬಿಟ್ಟಿದ್ದ! ನಾನು ಮಲಗಿ ಜಾರಿ ಕೈಯಿಟ್ಟೆ. ಅದು ಸ್ಟೀರಿಂಗ್ ರ್ಯಾಕು. ನೀವು ಸ್ಟೀರಿಂಗ್ ತಿರುಗಿಸಿದ್ದನ್ನು ಎರಡೂ ಚಕ್ರಗಳಿಗೆ ಮುಟ್ಟಿಸುವ, ಅಡ್ಡಲಾಗಿ ಕೂತಿರುವ ಉದ್ದನೆಯ ಕೊಳವೆ. ಒಳಗಿನ ಸರಳು ಆಚೆ ಈಚೆ ಓಡಬೇಕು, ಕೊಳವೆ ಮಾತ್ರ ಜಗ್ಗಬಾರದು. ಅದಕ್ಕೇ ಅದನ್ನು ದಪ್ಪ ಬಳೆಯಂಥ ಎರಡು ರಬ್ಬರ್ ಬುಷ್ಷುಗಳ ನಡುವೆ ಬಿಗಿದಿಟ್ಟಿರುತ್ತಾರೆ. ನನ್ನ ಅಂಗೈಯ ಕೆಳಗೆ ಆ ಕೊಳವೆ ಪೂರ್ತಿ, ಒಂದು ಬೆರಳಿನ ಅಗಲದಷ್ಟು, ಆಚೆ ಈಚೆ ಜಾರುತ್ತಿತ್ತು. ಶೈಲಕ್ಕ ತಿರುಗಿಸಿದ್ದರಲ್ಲಿ ಮೊದಲ ಭಾಗ ಕೊಳವೆಯನ್ನು ಜಾರಿಸುವುದರಲ್ಲೇ ಮುಗಿದು, ಉಳಿದದ್ದು ಒಮ್ಮೆಲೇ ಚಕ್ರಕ್ಕೆ ಹೋಗುತ್ತಿತ್ತು. ಒಂದು ಚೂರು ಖಾಲಿ, ಮತ್ತೆ ಒಮ್ಮೆಲೇ ಜಾಸ್ತಿ.

ಚಕ್ರಗಳನ್ನು ಗಾಳಿಯಲ್ಲಿ ನೇತುಹಾಕಿ ನಾನು ನಾಲ್ಕು ವಾರ ಅಲ್ಲಾಡಿಸಿದಾಗ ಇದು ಹೇಗೆ ಕಾಣಬೇಕು? ತಡೆಯುವ ನೆಲವೇ ಇಲ್ಲದಿದ್ದರೆ ರ್ಯಾಕು ಯಾಕೆ ಜಾರುತ್ತದೆ?

ಕಾಕ ಬುಷ್ಷು ಬಿಚ್ಚಿದರು. ಗಟ್ಟಿ ರಬ್ಬರಾಗಿರಬೇಕಾದದ್ದು ಉಬ್ಬಿ, ಮೆತ್ತಗಾಗಿ, ಹಲ್ವದ ತುಂಡಿನ ಹಾಗೆ ಅವರ ಬೆರಳಿನ ನಡುವೆ ಒತ್ತಿಕೊಂಡಿತು. ಮೂಗಿನ ಹತ್ತಿರ ಹಿಡಿದರು. ಇನ್ನೊಮ್ಮೆ ಹಿಡಿದರು.

"ಇದೆಂತ ವಾಸನೆ? ಹರೀಶಾ, ಇದು ತೆಂಗಿನೆಣ್ಣೆ ಅಲ್ವಾ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದೀಪಾವಳಿಯ ಎಣ್ಣೆಸ್ನಾನದ ದಿನ ಕಾರಿನ ಮುಂಭಾಗ ಕಿರುಗುಟ್ಟುತ್ತಿತ್ತು. ಊರಿನಿಂದ ಅಮ್ಮ ಕಳಿಸಿದ ಗಾಣದೆಣ್ಣೆಯ ಬಾಟಲಿ ನನ್ನ ಕೈಯಲ್ಲೇ ಇತ್ತು. ಹಬ್ಬದ ದಿನ ಮನೆಯವರೆಲ್ಲ ಎಣ್ಣೆ ಹಚ್ಚಿಕೊಂಡಿದ್ದೇವೆ, ಇದೊಂದು ಯಾಕೆ ಒಣಗಬೇಕು? ಕಾರಿನ ಅಡಿಗೆ ತೂರಿ, ಬ್ರಷ್ಷಿನಲ್ಲಿ ಕಂಡ ಕಂಡ ರಬ್ಬರಿಗೆಲ್ಲ ಹಚ್ಚಿದೆ. ಕಿರುಗುಟ್ಟುವುದು ನಿಂತಿತು. ಎಷ್ಟು ಹೆಮ್ಮೆಯಾಯಿತೆಂದರೆ, ಮುಂದೆ ಪ್ರತಿ ಶುಕ್ರವಾರ ಆಫೀಸು ಬಿಟ್ಟ ಮೇಲೆ ಕಾರು ನಿಲ್ಲಿಸಿದ್ದಲ್ಲಿಗೆ ಹೋಗಿ ಹಚ್ಚಿ ಬರುತ್ತಿದ್ದೆ. ಅಮ್ಮ ಚಿಕ್ಕಂದಿನಲ್ಲಿ ನನ್ನ ನೆತ್ತಿಗೆ ತಟ್ಟುತ್ತಿದ್ದಂತೆ ಎರಡು ಬಾರಿ ತಟ್ಟಿಯೂ ಬರುತ್ತಿದ್ದೆ. ಆ ಪ್ರೀತಿಯಿಂದಲೇ ರಬ್ಬರು ಕೊಳೆಯಿತು.

"ರಬ್ಬರಿಗೆ ಎಣ್ಣೆ ಹಾಕಿದ್ಯಾ ನೀನು? ವಾರ ವಾರ?" ಕಾಕನ ಧ್ವನಿ ಏರಿತು. ಪಕ್ಕದ ಮೂರು ಗ್ಯಾರೇಜಿನವರು ಇಣುಕಿದರು. "ಕಾರಿಗೆ ತಲೆ ಉಂಟಾ? ಕೂದಲು ಉಂಟಾ? ಮತ್ತೆ ಎಣ್ಣೆ ಹಚ್ಚಿದವ ನೀನು, ಹುಚ್ಚು ಅವಳ ಕೈಗೆ ಅಂತ ಊರಿಗೆಲ್ಲ ಹೇಳಿದವನೂ ನೀನು! ಆ ಸ್ಪೀಡಲ್ಲಿ ಗೋಡೆಗೆ ಹೋಗಿದ್ರೆ ಯಾರ ಬುಷ್ಷು ಬದಲಾಯಿಸ್ತಿದ್ದೆ ಮಾರಾಯ?"

"ಇವನು ಓಡಿಸುವಾಗ ನೇರ ಹೋಯ್ತಲ್ಲ ಕಾಕ?" ಭಾವ ಮೆಲ್ಲ ಕೇಳಿದ.

"ಇವ ಮೂರನೇ ಗೇರು ನೋಡಿದ್ದಾನಾ? ಇವ ಓಡಿಸಿದ್ದು ರೇಸ್ ಅಂತ ಕಾರಿಗೆ ಗೊತ್ತೇ ಆಗ್ಲಿಲ್ಲ."

ನಾನು ಶೈಲಕ್ಕನ ಕಡೆ ನೋಡಿದೆ. ಅವಳು ನಗುತ್ತಾಳೆ, ಬೈಯುತ್ತಾಳೆ, ಕನಿಷ್ಠ ಒಂದು ಸ್ಪಾನರಾದರೂ ಎಸೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೀಟಿನಲ್ಲೇ ಕೂತು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಹನ್ನೆರಡು ದಿನದಲ್ಲಿ ಅವಳಿಗೂ ತನ್ನ ಕೈಯ ಮೇಲೆ ಅನುಮಾನ ಬಂದುಬಿಟ್ಟಿತ್ತು. ಆಮೇಲೆ ಭಾವ ಹೇಳಿದ, ಅವಳು ಡಾಕ್ಟರ ಹತ್ತಿರ ಹೋಗಿ ಬಂದಿದ್ದಳಂತೆ. ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದಳಂತೆ.

ಆ ಒಂದು ಸಂಗತಿ ಇವತ್ತಿಗೂ ನನಗೆ ನುಂಗಲು ಬರುವುದಿಲ್ಲ. ಕಾರಿನ ಮೇಲೆ, ಲೇಸರ್ ಅಂಗಡಿಯವನ ಮೇಲೆ, ಮಸ್ಕತ್ತಿನ ಮಾವನ ಮೇಲೆ ಅಲ್ಲಿಯವರೆಗೆ ನಾನು ಪಟ್ಟಿದ್ದ ಸಿಟ್ಟೆಲ್ಲ ಬರೀ ಗಲಾಟೆ. ನಿಜವಾದ ಸಿಟ್ಟು ಆ ಮಾತ್ರೆಯ ವಿಷಯ ಕೇಳಿದಾಗ ಬಂತು, ಮತ್ತು ಅದನ್ನು ಎಸೆಯಲು ನನ್ನ ಎದುರು ನಾನೊಬ್ಬನೇ ಇದ್ದೆ.

ಗುಂಪಿಗೆ ಬರೆಯಬೇಕಿತ್ತು. ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಬರೆದೆ. 'ತಾಂತ್ರಿಕ ಕಾರಣಗಳಿಂದ...' ಎಂದು ಶುರುಮಾಡಿದೆ. ಹಿಂದಿನಿಂದ ಶೈಲಕ್ಕನ ಧ್ವನಿ ಬಂತು. "ಅಳಿಸು."

'ರಬ್ಬರಿನ ಗುಣಮಟ್ಟ...'

"ಅಳಿಸು."

'ಇಲ್ಲಿಯ ಹವಾಮಾನದಲ್ಲಿ ತೆಂಗಿನೆಣ್ಣೆ...'

"ಪಚ್ಚು."

ಕೊನೆಗೆ ಹೋದದ್ದು ಇಷ್ಟು: 'ಕಾರು ಕೆಡಿಸಿದ್ದು ನಾನು. ಶೈಲಕ್ಕ ಮೊದಲ ದಿನವೇ ಸರಿಯಾಗಿ ಹೇಳಿದ್ದಳು. ನಾನು ಕೇಳಲಿಲ್ಲ.' ಅರ್ಧ ಗಂಟೆಯೊಳಗೆ ದೊಡ್ಡಮ್ಮನ ಫೋನು ಬಂತು. ಈ ಸಲ ನನಗೆ. ಜ್ಯಾಮಿಟ್ರಿ ಪೆಟ್ಟಿಗೆಯಿಂದ ಹಿಡಿದು ಅವರು ಇಷ್ಟು ವರ್ಷ ಬಾಕಿಯಿಟ್ಟಿದ್ದದ್ದೆಲ್ಲ ಬಂತು. ನಡುವೆ ಉಸಿರು ತೆಗೆಯಲು ನಿಲ್ಲಿಸಿದಾಗ ನಾನು, "ಈಗ ಅವಳು ಓಡಿಸ್ಬಹುದಾ ದೊಡ್ಡಮ್ಮ?" ಎಂದು ಕೇಳಿದೆ. "ನನ್ನನ್ನು ಕೇಳುದು ಯಾಕೆ? ಅವಳನ್ನು ಕೇಳು" ಎಂದು ಫೋನಿಟ್ಟರು.

ಕೇಳಲು ನನಗೆ ಧೈರ್ಯ ಬರಲಿಲ್ಲ. ಕಾಕ ಹೊಸ ಗಟ್ಟಿ ಬುಷ್ಷು ಹಾಕಿ, ಕಾರು ನೆಲದ ಮೇಲಿರುವಾಗಲೇ ಕೈಯಿಟ್ಟು ನೋಡಿ, ಚಕ್ರಗಳನ್ನು ಮತ್ತೊಮ್ಮೆ ಅಳೆದು ಕೊಟ್ಟರು. ಶನಿವಾರ ಬೆಳಿಗ್ಗೆ ಭಾವ ಕಾರನ್ನು ಲಾರಿಗೆ ಹತ್ತಿಸುವಾಗ ಶೈಲಕ್ಕ ಹೆಲ್ಮೆಟ್ ಹಿಡಿದು ಮನೆಯಿಂದ ಕೆಳಗಿಳಿದಳು.

ಟ್ರ್ಯಾಕಿನಲ್ಲಿ ನಾನು ಎಂದಿನಂತೆ ಸ್ಟಾರ್ಟ್ ಲೈನಿನ ಹಿಂದೆ ಫೋನು ಹಿಡಿದು ನಿಲ್ಲಲು ಹೋದೆ. ಅವಳು ಸೀಟಿನೊಳಗಿಂದ ಬೆರಳು ತೋರಿಸಿದಳು. "ಇಲ್ಲಿ ಅಲ್ಲ. ಆಚೆ ಹೋಗು. ಆ ಕೊನೆಗೆ. ಅಲ್ಲಿ ನಿಂತು ನೋಡು."

ಹೋದೆ. ಕಾರುಗಳು ವಾಪಸು ಬರುವ ದಾರಿಯ ಬೇಲಿಯ ಆಚೆ, ಲಾರಿಯ ಪಕ್ಕದಲ್ಲಿ ನಿಂತೆ. ಇಷ್ಟು ದಿನ ನಾನು ಅವಳ ಕಾರನ್ನು ಹಿಂದಿನಿಂದ ನೋಡಿದ್ದೆ. ಹಿಂದಿನಿಂದ ನೋಡಿದರೆ ಕಾರು ಸಣ್ಣದಾಗುತ್ತ ಹೋಗುತ್ತದೆ, ಅದರ ವಾಲಾಟವೂ ಸಣ್ಣದಾಗುತ್ತದೆ. ಬಾಣ ಹಾಕಿ ನಗುವ ಮುಖ ಅಂಟಿಸುವಷ್ಟು ಸಣ್ಣದಾಗುತ್ತದೆ. ಇಲ್ಲಿ ಅದು ಎದುರಿನಿಂದ ಬರುತ್ತಿತ್ತು. ಮೊದಲು ಸದ್ದು, ಆಮೇಲೆ ಮೂತಿ, ಆಮೇಲೆ ಪಕ್ಕದ ಕಾಂಕ್ರೀಟ್ ಗೋಡೆ. ಆ ಗೋಡೆ ಅಷ್ಟು ಹತ್ತಿರ ಇರುವುದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಎರಡನೇ ಗೇರು ಕೇಳಿಸಿತು. ಮೂರನೆಯದು ಕೇಳಿಸಿತು. ಬೇಲಿಯ ತಂತಿ ಹಿಡಿದುಕೊಂಡೆ.

ಕಾರು ನೇರ ಬಂತು. ನೇರ ಹೋಯಿತು.

ನಿಧಾನವಾಗಿ ತಿರುಗಿಕೊಂಡು ಲಾರಿಯ ಹತ್ತಿರ ಬಂದು ನಿಂತಿತು. ಅವಳು ಹೆಲ್ಮೆಟ್ ತೆಗೆದಳು. ನನ್ನ ಮುಖವನ್ನೂ, ತಂತಿ ಹಿಡಿದಿದ್ದ ನನ್ನ ಬೆರಳುಗಳನ್ನೂ ನೋಡಿದಳು.

"ನಿನ್ನ ಕೈ..." ಎಂದೆ. "ನಿನ್ನ ಕೈ ಈಗ ಸರಿ ಉಂಟಕ್ಕ."

"ಆಗಲೂ ಸರಿಯೇ ಇತ್ತು" ಎಂದಳು ಶೈಲಕ್ಕ. ನಗಲಿಲ್ಲ. ಹೆಲ್ಮೆಟ್ ತಿರುಗಿ ಹಾಕಿಕೊಂಡು, ಇನ್ನೊಂದು ಓಟಕ್ಕೆ ಸಾಲಿನಲ್ಲಿ ನಿಲ್ಲಲು ಕಾರು ತಿರುಗಿಸಿದಳು.